ಎಡಕ್ಕ ತಿರುಗಿದ ಕುತ್ತಿಗಿ

ತಿಕೋಟಾದ ಪಿಂಜಾರ ಲಾಡಲೇಸಾಬನ ಮನೆಗೂ ಬುಡ್ಡೇಸಾಬನ ಹಿಟ್ಟಿನ ಗಿರಣಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಲಾಡಲೇಸಾಬ ತನ್ನ ಕಟ್ಟೆಯ ಮೇಲೆ ರಸ್ತೆಗೆ ಮುಖಮಾಡಿ ಕೂತು ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಅವನ ಎಡಕ್ಕೆ, ಗಿರಣಿಯ ಬಾಗಿಲಲ್ಲಿ, ಬುಡ್ಡೇಸಾಬ ಸ್ಟೂಲು ಹಾಕಿಕೊಂಡು ಜೋಳದ ಬುಟ್ಟಿ ಇಳಿಸಿಕೊಳ್ಳುತ್ತಿದ್ದ. ಪಡುವಣ ಗಾಳಿ ಬಿಟ್ಟರೆ ಹಿಂಜಿದ ಅರಳೆ ಹಾರಿ ಹೋಗಿ ಹಿಟ್ಟಿನಲ್ಲಿ ಬೀಳುತ್ತಿತ್ತು. ಗಾಳಿ ತಿರುಗಿದರೆ ಹಿಟ್ಟು ಹಾರಿ ಬಂದು ಅರಳೆಯ ಮೇಲೆ ಕೂರುತ್ತಿತ್ತು. ರೊಟ್ಟಿ ಮುರಿದರೆ ಎಳೆ ಬರುತ್ತದೆಂದು ಹೆಂಗಸರು ಗಿರಣಿಯ ಮುಂದೆ ನಿಂತು ಕೂಗಾಡಿದರು. ಆಮೇಲೆ ಕಳ್ಳಕವಟಗಿಯ ಒಂದು ಮದುವೆ ಮನೆಯವರು ಹೊಸ ಗಾದಿಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಲಾಡಲೇಸಾಬನ ಅಂಗಳದಲ್ಲಿ ಒಗೆದು ಹೋದರು. ಹಿಟ್ಟಿನ ವಾಸನೆಗೆ ಗಾದಿಗೆ ಇರುವೆ ಹತ್ತಿ ಮದುಮಕ್ಕಳಿಬ್ಬರನ್ನೂ ಕಡಿದಿದ್ದವು.

ಜಗಳ ಬೆಳೆದು ಮಸೀದಿಯ ಅಂಗಳಕ್ಕೆ ಹೋಯಿತು. ಅಲ್ಲಿ ಹಿರಿಯರಾದ ಹಸನಸಾಬರ ಎದುರಿಗೆ ಲಾಡಲೇಸಾಬ, ಇವನ ಮಾರಿ ನೋಡಿದರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ ಎಂದು ಆಣೆ ಮಾಡಿದ. ಬುಡ್ಡೇಸಾಬನೂ ಅದೇ ಆಣೆ ಮಾಡಿದ. ಇಬ್ಬರೂ ಮಾತಿಗೆ ತಪ್ಪುವ ಮಂದಿಯಲ್ಲ. ಲಾಡಲೇಸಾಬ ಗಿರಣಿಯ ಮುಂದೆ ಹಾಯಬೇಕಾದರೆ ಬಿಸಿಲಿರಲಿ ಇಲ್ಲದಿರಲಿ ಛತ್ರಿಯನ್ನು ಅಡ್ಡ ಹಿಡಿದು ಹೋಗುತ್ತಿದ್ದ. ಬುಡ್ಡೇಸಾಬ ಸ್ಟೂಲನ್ನು ಅತ್ತ ತಿರುಗಿಸಿ ಹಾಕಿಕೊಂಡ. ರಮ್‌ಜಾನ್ ಹಬ್ಬದ ದಿನ ಮಾತ್ರ ಪೇಚಾಟಕ್ಕೆ ಬಂತು. ಅವತ್ತು ಒಬ್ಬರನ್ನೊಬ್ಬರು ಅಪ್ಪಿಕೊಳ್ಳದಿದ್ದರೆ ಪಾಪ, ಮಾರಿ ನೋಡಿದರೆ ಆಣೆ ಮುರಿಯುತ್ತದೆ. ಇಬ್ಬರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಹಸನಸಾಬರು ಭುಜ ಹಿಡಿದು ದಾರಿ ತೋರಿಸಿದಂತೆ ಮುಂದೆ ಬಂದು ಅಪ್ಪಿಕೊಂಡರು. ಮುಂದಿನ ಹಬ್ಬಗಳಲ್ಲೂ ಅದೇ ರೂಢಿಯಾಯಿತು.

ಎಪ್ಪತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಲಾಡಲೇಸಾಬನ ಕುತ್ತಿಗೆ ಎಳೆಯಲು ಶುರುವಾಯಿತು. ಮೊದಮೊದಲು ಯಾರೋ ಗದ್ದ ಹಿಡಿದು ಮೆಲ್ಲಗೆ ಜಗ್ಗಿದಂತೆ ಆಗುತ್ತಿತ್ತು. ಅವನು ತಲೆ ಕೊಡವಿ ಸರಿಮಾಡಿಕೊಂಡು ಮತ್ತೆ ಕೆಲಸಕ್ಕೆ ಹತ್ತುತ್ತಿದ್ದ. ಮಳೆಗಾಲ ಬರುವಷ್ಟರಲ್ಲಿ ಜಗ್ಗುವುದು ನಿಲ್ಲದೆ ಮುಖ ಪೂರ್ತಿ ಎಡಗಡೆಗೆ ತಿರುಗಿ ಅಲ್ಲೇ ನಿಂತಿತು. ಕುತ್ತಿಗೆಯ ಬಲಗಡೆಯಲ್ಲಿ ಮಾಂಸ ಹಗ್ಗದಂತೆ ಉಬ್ಬಿ ಬಂತು. ಅವನು ಕಟ್ಟೆಯ ಮೇಲೆ ಕೂತರೆ ಮೈ ರಸ್ತೆಯ ಕಡೆ, ಮುಖ ನೆಟ್ಟಗೆ ಗಿರಣಿಯ ಬಾಗಿಲ ಕಡೆ.

ಅವನ ಹೆಂಡತಿ ಪೀರಾಂಬಿ ಗಾದಿಯ ಅರಿವೆಯ ಖೋಳು ಹೊಲಿಯುತ್ತ ಒಂದೆರಡು ದಿನ ಸುಮ್ಮನೆ ಗಮನಿಸಿದಳು. ಕಡೆಗೆ ಕೇಳಿದಳು:

"ಅವನ ಬಾಗಲದಾಗ ಏನ್ ನೋಡಾಕತ್ತೀರಿ?"

"ನಾ ನೋಡಾಕತ್ತಿಲ್ಲ. ಕುತ್ತಿಗಿ ನೋಡಾಕತ್ತೈತಿ" ಅಂದ ಲಾಡಲೇಸಾಬ.

ಪೀರಾಂಬಿ ಎಣ್ಣೆ ತಿಕ್ಕಿದಳು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಳು. ಏನೂ ಉಪಯೋಗವಾಗಲಿಲ್ಲ. ಆದರೆ ಅವನು ಮಲಗಿ ನಿದ್ದೆ ಹೋದನೆಂದರೆ ಕುತ್ತಿಗೆ ತಾನಾಗಿ ಸಡಿಲಾಗಿ ನೆಟ್ಟಗಾಗುತ್ತಿತ್ತು. ನಿದ್ದೆಯಲ್ಲಿ ಸರಿ ಇರುವ ಮನುಷ್ಯ ಎಚ್ಚರವಾದ ಕೂಡಲೇ ಹೀಗೆ ಮಾಡಿದರೆ ಇದು ಹಟವಲ್ಲದೆ ಮತ್ತೇನು ಎಂದು ಅವಳಿಗೆ ಸಂಶಯ ಬಂತು. ಅವಳು ಅದನ್ನು ಬಾಯಿಬಿಟ್ಟು ಅಂದದ್ದರಿಂದ ಅವನಿಗೆ ನೋವಾಯಿತು. ಆಣೆ ಉಳಿಸಿಕೊಳ್ಳಲು ಅವನಿಗೆ ಉಳಿದದ್ದು ಒಂದೇ ದಾರಿ. ಕೆಲಸ ಮಾಡುವಾಗ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿ ಬಿಲ್ಲಿನ ತಂತಿಗೆ ಹೊಡೆಯಲು ಹೋಗಿ ಕೊಡತಿ ಎಷ್ಟೋ ಸಲ ಮೊಣಕಾಲಿಗೆ ಬಿತ್ತು.

ಅತ್ತ ಬುಡ್ಡೇಸಾಬನಿಗೆ ಯಾರೋ ತನ್ನನ್ನು ದಿಟ್ಟಿಸಿ ನೋಡುತ್ತಿರುವ ಹಾಗೆ ಬೆನ್ನು ಬಿಸಿಯಾಗತೊಡಗಿತು. ನಿಜವೋ ಸುಳ್ಳೋ ಎಂದು ತಿರುಗಿ ನೋಡುವಂತಿಲ್ಲ, ಅವನದೂ ಆಣೆ ಇದೆ. ಹೆಂಡತಿ ಮುಮತಾಜಳನ್ನು ಕರೆದು ನೋಡಿ ಹೇಳಲು ಹೇಳಿದ. ಅವಳು ಬಹಳ ಹೊತ್ತು ನೋಡಿ ಒಳಗೆ ಬಂದಳು.

"ನಿಮ್ಮ ಕಡೇನ ನೋಡಾಕತ್ತಾನ್ರಿ. ಆದ್ರ ಕಣ್ಣು ಮುಚ್ಚಿಕೊಂಡು ನೋಡಾಕತ್ತಾನ."

ಬುಡ್ಡೇಸಾಬನಿಗೆ ಇದು ಕಣ್ಣು ತೆರೆದು ನೋಡುವುದಕ್ಕಿಂತ ಕೆಟ್ಟದ್ದಾಗಿ ಕಂಡಿತು. ಅದೇ ವಾರ ಗಿರಣಿಯ ಎಂಜಿನಿನ ಪಟ್ಟಾ ಹರಿಯಿತು. ಅವನು ನೇರ ಚಾವಡಿಗೆ ಹೋಗಿ, ನನ್ನ ಗಿರಣಿಗೆ ದೃಷ್ಟಿ ಹಾಕುತ್ತಿದ್ದಾನೆ ಎಂದು ದೂರು ಕೊಟ್ಟ.

ಚಾವಡಿಯಲ್ಲಿ ಪಂಚಾಯತಿಯ ಚೇರ್ಮನ್ ಶಾಂತಪ್ಪ ಕೂತಿದ್ದ, ಪಕ್ಕದಲ್ಲಿ ಹಸನಸಾಬರು. ವಾದಿ ಪ್ರತಿವಾದಿ ಇಬ್ಬರನ್ನೂ ಕರೆಸಿದರು. ಒಬ್ಬರ ಮಾರಿ ಒಬ್ಬರು ನೋಡಬಾರದೆಂದು ನಡುವೆ ಒಂದು ಕಂಬಳಿ ಹಿಡಿಸಿದ್ದರು. ಲಾಡಲೇಸಾಬ ತನ್ನ ಕೈಯಲ್ಲಿ ಏನೂ ಇಲ್ಲ, ಕುತ್ತಿಗೆ ಹೇಳಿದ ಮಾತು ಕೇಳುತ್ತಿಲ್ಲ ಅಂದ. ಬುಡ್ಡೇಸಾಬ ಕಂಬಳಿಯ ಆಚೆಯಿಂದ ಎಲ್ಲರಿಗೂ ಕೇಳುವಂತೆ, ಇನ್ನೊಂದು ಸಲ ಆ ಮಾರಿ ನನ್ನ ಕಡೆ ತಿರುಗಿದರೆ ವಿಷ ಹಾಕುತ್ತೇನೆ ಎಂದು ಬಿಟ್ಟ. ಮಂದಿ ನಕ್ಕರು. ಹಸನಸಾಬರು ಅಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದರು.

ಶಾಂತಪ್ಪ ನ್ಯಾಯ ಮಾಡುವುದರಲ್ಲಿ ಉತ್ಸಾಹದ ಮನುಷ್ಯ. ಲಾಡಲೇಸಾಬ ರಸ್ತೆಗೆ ಬೆನ್ನು ಹಾಕಿ ಗೋಡೆಗೆ ಮುಖಮಾಡಿ ಕೂರಬೇಕು, ಆಗ ಎಡ ಎನ್ನುವುದು ಇನ್ನೊಂದು ದಿಕ್ಕಿಗೆ ಹೋಗುತ್ತದೆ ಎಂದು ತೀರ್ಪು ಕೊಟ್ಟ. ಎಲ್ಲರಿಗೂ ಒಪ್ಪಿಗೆಯಾಯಿತು. ಆದರೆ ಆ ದಿಕ್ಕಿನಲ್ಲಿ ಊರ ಹೆಂಗಸರು ನೀರು ಸೇದುವ ಬಾವಿ ಇತ್ತು. ಮರುದಿನವೇ ತಿಪ್ಪವ್ವ ಎಂಬ ಹೆಂಗಸು ಖಾಲಿ ಕೊಡ ಹಿಡಿದುಕೊಂಡು ಚಾವಡಿಗೆ ಬಂದಳು. ಪಿಂಜಾರಣ್ಣ ಕಣ್ಣು ಮುಚ್ಚಿರುತ್ತಾನೆ ಅನ್ನುವುದು ನಿಜ, ಆದರೆ ಮಾರಿ ದಿನವಿಡೀ ನಮ್ಮ ಕಡೆಗೇ ಇದ್ದರೆ ನಾವು ಸೆರಗು ಸೊಂಟಕ್ಕೆ ಕಟ್ಟಿ ನೀರು ಸೇದುವುದು ಹೇಗೆ ಎಂದು ಕೇಳಿದಳು.

ಎರಡನೆಯ ತೀರ್ಪಿನಂತೆ ಗಿರಣಿಯ ಬಾಗಿಲಿಗೆ ಗೋಣಿತಟ್ಟಿನ ಪರದೆ ಬಂತು. ಕಳ್ಳಕವಟಗಿಯಿಂದ ಜೋಳ ಬೀಸಿಸಲು ಬಂದವರು ಪರದೆ ನೋಡಿ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಂದು ತಿಳಿದರು. ಜೋಳದ ಚೀಲ ಇಳಿಸಿ, ತಲೆಗೆ ಟವೆಲ್ ಹಾಕಿಕೊಂಡು ಅರ್ಧ ತಾಸು ಬಾಗಿಲ ಮುಂದೆ ಮೌನವಾಗಿ ಕೂತು, ಎದ್ದು ಹೋದರು. ಒಳಗೆ ಬುಡ್ಡೇಸಾಬ ಇವತ್ತು ಯಾಕೆ ಯಾರೂ ಬರಲಿಲ್ಲ ಎಂದು ಕಾಯುತ್ತಿದ್ದ. ಪರದೆ ಎರಡೇ ದಿನಕ್ಕೆ ಇಳಿಯಿತು.

ಮೂರನೆಯ ತೀರ್ಪು ಓಡಾಟದ್ದು. ಶಾಂತಪ್ಪ ಕೋಲಿನಿಂದ ಮಣ್ಣಿನಲ್ಲಿ ಊರಿನ ನಕ್ಷೆ ಬರೆದು ತೋರಿಸಿದ. ಲಾಡಲೇಸಾಬ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಾಗ ಗಿರಣಿ ಅವನ ಎಡಕ್ಕೆ ಬರುತ್ತದೆ, ಆದ್ದರಿಂದ ಹೋಗುವಾಗ ಊರನ್ನು ಹಿಂದಿನಿಂದ ಸುತ್ತಿ ಹೊಲದ ಬದುವಿನ ಮೇಲೆ ಹೋಗಬೇಕು. ಬರುವಾಗ ಗಿರಣಿ ಬಲಕ್ಕೆ ಇರುತ್ತದೆ, ಆಗ ನೆಟ್ಟಗೆ ರಸ್ತೆಯಲ್ಲೇ ಬರಬಹುದು. ಲಾಡಲೇಸಾಬ ಇದಕ್ಕೂ ತಲೆಬಾಗಿದ, ಅಂದರೆ ಬಾಗಿಸಲು ಪ್ರಯತ್ನಪಟ್ಟ. ಬುತ್ತಿ ಹೊತ್ತು ಹೊಲಕ್ಕೆ ಹೊರಟವರು ಅವನು ಬದುವಿನ ಮೇಲೆ ಅಡ್ಡ ಮುಖ ಮಾಡಿಕೊಂಡು ಎಡವುತ್ತ ಬಸ್ಸಿಗೆ ಹೋಗುವುದನ್ನು ನೋಡಿ ದಾರಿ ಬಿಡುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಪೀರಾಂಬಿ ಗಂಡನ ಗದ್ದಕ್ಕೆ ಅಂಟಿದ ಅರಳೆ ತೆಗೆಯಲು ಬೆರಳಿನಿಂದ ಮುಟ್ಟಿದಳು. ಕೂಡಲೇ ಕುತ್ತಿಗೆ ಸಡಿಲಾಗಿ ಮುಖ ಅವಳ ಕಡೆ ತಿರುಗಿತು. ಎಷ್ಟೋ ತಿಂಗಳಿಂದ ಗಂಡನ ಒಂದೇ ಮಗ್ಗುಲು ನೋಡಿದ್ದ ಅವಳಿಗೆ ಎರಡೂ ಕಣ್ಣು ಒಟ್ಟಿಗೆ ಕಂಡು ನಾಚಿಕೆಯಾಯಿತು. ಬೆರಳು ತೆಗೆದಳು, ಕುತ್ತಿಗೆ ಮತ್ತೆ ಎಡಕ್ಕೆ ಹೋಯಿತು. ಲಾಡಲೇಸಾಬ ತಾನೇ ಬೆರಳಿಟ್ಟು ನೋಡಿಕೊಂಡ. ಜೋರಾಗಿ ಒತ್ತುವುದೇನೂ ಬೇಕಿರಲಿಲ್ಲ, ನೊಣ ಕೂತಷ್ಟು ತಾಗಿದರೆ ಸಾಕಿತ್ತು. ಹತ್ತಿ ಹಿಂಜಲು ಎರಡೂ ಕೈ ಬೇಕಾದ್ದರಿಂದ ಕೆಲಸಕ್ಕೆ ಇದು ಉಪಯೋಗವಾಗಲಿಲ್ಲ. ಆದರೆ ನಡೆಯುವಾಗ, ಮಂದಿಯ ನಡುವೆ ಕೂರುವಾಗ ಅವನು ಗದ್ದಕ್ಕೆ ಬೆರಳು ಇಟ್ಟುಕೊಂಡೇ ಇರತೊಡಗಿದ.

ಗದ್ದಕ್ಕೆ ಬೆರಳಿಟ್ಟ ಮನುಷ್ಯ ನೋಡುವವರಿಗೆ ಆಳವಾಗಿ ವಿಚಾರ ಮಾಡುತ್ತಿರುವಂತೆ ಕಾಣುತ್ತಾನೆ. ಪೀರಾಂಬಿಯ ತವರು ಬಬಲೇಶ್ವರದಲ್ಲಿ ಇದರಿಂದ ಅನಾಹುತವಾಯಿತು. ಅವಳ ಅಣ್ಣ ಅಲ್ಲಾಉದ್ದೀನ ತನ್ನ ಮಗನಿಗೆ ಹೆಣ್ಣು ಗೊತ್ತು ಮಾಡಿ, ಮಾತುಕತೆಗೆ ತಂಗಿಯ ಗಂಡನನ್ನೂ ಕರೆದಿದ್ದ. ಲಾಡಲೇಸಾಬ ಗದ್ದಕ್ಕೆ ಬೆರಳು ಹಚ್ಚಿಕೊಂಡು ನೆಟ್ಟಗೆ ಕೂತು, ಯಾರು ಏನು ಕೇಳಿದರೂ ಹೂಂ ಎಂದಷ್ಟೇ ಅಂದ. ಹುಡುಗನ ಸ್ವಂತ ಸೋದರತ್ತೆಯ ಗಂಡನೇ ಇಷ್ಟೊಂದು ವಿಚಾರ ಮಾಡುತ್ತಿದ್ದಾನೆ ಎಂದರೆ ಹುಡುಗನಲ್ಲಿ ಏನೋ ಐಬು ಇರಬೇಕೆಂದು ಹೆಣ್ಣಿನವರು ಚಹಾ ಕುಡಿದು ಎದ್ದು ಹೋದರು. ಸಂಬಂಧ ಮುರಿಯಿತು. ಅಲ್ಲಾಉದ್ದೀನ ಸಿಟ್ಟಾಗಲಿಲ್ಲ, ಆದರೆ ಇದಕ್ಕೊಂದು ಔಷಧ ಮಾಡಿಸದೆ ಬಿಡುವುದಿಲ್ಲ ಎಂದು ಹಟ ತೊಟ್ಟ. ಮರುವಾರವೇ ತಂಗಿಯ ಗಂಡನನ್ನು ವಿಜಾಪುರಕ್ಕೆ ಕರೆದುಕೊಂಡು ಹೊರಟ. ಊರಿನ ನ್ಯಾಯ ಇದರಲ್ಲಿ ಸಿಕ್ಕಿಕೊಂಡಿದೆ ಎಂದು ಶಾಂತಪ್ಪನೂ ಜೊತೆಗೆ ಬಸ್ಸು ಹತ್ತಿದ.

ಮೊದಲು ತೋರಿಸಿದ ಡಾಕ್ಟರು ಎಲ್ಲ ಕೇಳಿಕೊಂಡು, ನೀನು ಯಾರನ್ನಾದರೂ ನೋಡಬಾರದು ಎಂದುಕೊಂಡಿದ್ದೀಯಾ ಎಂದು ವಿಚಾರಿಸಿದರು. ಆಣೆಯ ಸಂಗತಿ ಕೇಳಿ ಅವರಿಗೆ ಬಹಳ ಸಂತೋಷವಾಯಿತು. ನೋಡಬಾರದು ಎಂದು ಬಾಯಿ ಹೇಳಿದೆ, ನೋಡಬೇಕು ಎಂದು ಮನಸ್ಸು ಹೇಳುತ್ತಿದೆ, ಇದು ಮನಸ್ಸಿನ ರೋಗ ಎಂದು ನಿದ್ದೆ ಬರುವ ಗುಳಿಗೆ ಕೊಟ್ಟರು. ಲಾಡಲೇಸಾಬ ಅಲ್ಲೇ ಬೆಂಚಿನ ಮೇಲೆ ಒಂದು ನುಂಗಿ ನಿದ್ದೆ ಹೋದ. ಕುತ್ತಿಗೆ ನೆಟ್ಟಗಾಯಿತು. ಎಬ್ಬಿಸಿದರೆ ಮತ್ತೆ ತಿರುಗಿತು. ಡಾಕ್ಟರು ಸ್ವಲ್ಪ ಬೇಸರಪಟ್ಟು, ಕೆಲವರಿಗೆ ಕಣ್ಣಿನ ದೋಷದಿಂದಲೂ ತಲೆ ಓರೆಯಾಗುತ್ತದೆ, ಒಮ್ಮೆ ಕಣ್ಣು ತೋರಿಸಿಬಿಡಿ ಎಂದು ಕಳಿಸಿದರು.

ಕಣ್ಣಿನ ಡಾಕ್ಟರು ಫಕ್ರುದ್ದೀನರ ದವಾಖಾನೆ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಬೆಲ್ಲದ ಅಂಗಡಿಯ ಮಾಳಿಗೆಯ ಮೇಲಿತ್ತು. ಅವರು ಬಬಲೇಶ್ವರದ ಕಡೆಯವರೇ, ಮುಂಬೈಯಲ್ಲಿ ಓದಿ ಬಂದವರು. ಕಣ್ಣಿಗೆ ಬೆಳಕು ಬಿಟ್ಟು, ಗೋಡೆಯ ಅಕ್ಷರ ಓದಿಸಿ, ಕುತ್ತಿಗೆಯ ಉಬ್ಬಿದ ಮಾಂಸವನ್ನು ಬೆರಳಿನಿಂದ ಒತ್ತಿ ನೋಡಿದರು. ಲಾಡಲೇಸಾಬ ಗದ್ದ ಮುಟ್ಟಿಕೊಂಡು ತೋರಿಸಿದಾಗ ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಕಣ್ಣು ಛಲೋ ಅದಾವು. ಮನಸಿಂದೂ ಏನಿಲ್ಲ" ಅಂದರು. "ಮಿದುಳು ತಪ್ಪು ಹುಕುಂ ಕೊಡಾಕತ್ತೈತಿ, ಮಾಂಸಖಂಡ ಕೇಳಾಕತ್ತೈತಿ. ಇದು ನಿಮ್ಮ ತಪ್ಪಲ್ಲ."

ಲಾಡಲೇಸಾಬನಿಗೆ ಅಳು ಬಂತು. ನಿನ್ನ ತಪ್ಪಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಔಷಧ ಏನು ಎಂದು ಅಲ್ಲಾಉದ್ದೀನ ಕೇಳಿದ. ಡಾಕ್ಟರು ಸದ್ಯಕ್ಕೆ ಏನೂ ಇಲ್ಲ ಎಂದು ಹೇಳಿ ನಿಲ್ಲಿಸಬಹುದಿತ್ತು. ಆದರೆ ಮುಂಬೈಯಲ್ಲಿ ಡಾಕ್ಟರುಗಳ ಸಭೆಯಲ್ಲಿ ಕೇಳಿ ಬಂದ ಒಂದು ಹೊಸ ಸಂಗತಿ ಅವರ ತಲೆಯಲ್ಲಿ ತುಂಬಿಕೊಂಡಿತ್ತು, ಹೇಳಲು ಯಾರೂ ಸಿಕ್ಕಿರಲಿಲ್ಲ. ಅದನ್ನು ಹೇಳಿದರು. ಡಬ್ಬಿಯಲ್ಲಿ ಮುಚ್ಚಿಟ್ಟ ಊಟ ಕೆಟ್ಟರೆ ಅದರಲ್ಲಿ ಒಂದು ವಿಷ ಹುಟ್ಟುತ್ತದೆ. ತಿಂದವರ ಮಾಂಸಖಂಡಗಳು ಒಂದೊಂದಾಗಿ ಸೋತು, ಕಡೆಗೆ ಉಸಿರಾಡುವ ಮಾಂಸಖಂಡವೂ ಸೋತು ಮನುಷ್ಯ ಸಾಯುತ್ತಾನೆ. ಅಮೇರಿಕೆಯಲ್ಲಿ ಒಬ್ಬ ಕಣ್ಣಿನ ಡಾಕ್ಟರು ಅದೇ ವಿಷವನ್ನು ಶುದ್ಧ ಮಾಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಲು ಮಾಡಿ, ಸೂಜಿಯಿಂದ ಕಣ್ಣಿನ ಬಿಗಿಯಾದ ಮಾಂಸಖಂಡಕ್ಕೆ ಕೊಟ್ಟು ನೋಡಿದ್ದಾರೆ. ಮೊದಲು ಮಂಗಗಳಿಗೆ ಕೊಟ್ಟರು, ಈಗ ಮೆಳ್ಳಗಣ್ಣಿನವರಿಗೆ ಕೊಡುತ್ತಿದ್ದಾರೆ. ಬಿಗಿ ಸಡಿಲಾಗಿ ಕಣ್ಣು ನೆಟ್ಟಗಾಗುತ್ತಿದೆಯಂತೆ. ಮುಂದೊಂದು ದಿನ ತೆರೆಯಲಾಗದ ರೆಪ್ಪೆಗೆ, ಸೊಟ್ಟಗಾದ ಕೈಗೆ, ಇಂಥ ಕುತ್ತಿಗೆಗೂ ಅದು ಬಂದರೂ ಬರಬಹುದು. ಆದರೆ ಅದು ಇಲ್ಲಿ ಸಿಗುವುದಿಲ್ಲ, ಬರಲು ಎಷ್ಟು ವರ್ಷ ಬೇಕೋ, ಈಗ ಅದರ ವಿಚಾರವನ್ನೇ ಮಾಡಬೇಡಿ ಎಂದು ಒತ್ತಿ ಹೇಳಿ ಕಳಿಸಿದರು.

ಬಸ್ಸು ತಿಕೋಟಾ ಮುಟ್ಟುವಷ್ಟರಲ್ಲಿ ಶಾಂತಪ್ಪನ ತಲೆಯಲ್ಲಿ ಡಾಕ್ಟರರ ಮಾತಿನಿಂದ ಉಳಿದದ್ದು ಡಬ್ಬಿ, ಮಂಗ ಮತ್ತು ವಿಷ. ಅವನು ಚಾವಡಿಯಲ್ಲಿ ಮಂದಿಯನ್ನು ಕೂಡಿಸಿ, ಲಾಡಲೇಸಾಬನ ಕುತ್ತಿಗೆಗೆ ಇರುವ ಔಷಧ ವಿಷ ಒಂದೇ ಎಂದು ದೊಡ್ಡ ಡಾಕ್ಟರು ಹೇಳಿದ್ದಾರೆ ಎಂದು ತಿಳಿಸಿದ.  ಮಂದಿ ಒಬ್ಬೊಬ್ಬರಾಗಿ ಬುಡ್ಡೇಸಾಬನ ಕಡೆ ತಿರುಗಿದರು.

ವಿಷ ಹಾಕುತ್ತೇನೆ ಎಂದು ಅವನು ಇದೇ ಚಾವಡಿಯಲ್ಲಿ ಅಂದದ್ದು ಎಲ್ಲರಿಗೂ ನೆನಪಿತ್ತು. ಹಸನಸಾಬರು ಅವನ ಹೆಗಲ ಮೇಲೆ ಕೈಯಿಟ್ಟು, ಡಾಕ್ಟರಿಗಿಂತ ಮೊದಲೇ ನಿನಗೆ ಇದು ಹೇಗೆ ಗೊತ್ತಾಯಿತು ಎಂದು ಗೌರವದಿಂದ ಕೇಳಿದರು. ಮರುದಿನ ಜೋಳ ತಂದ ಹೆಂಗಸೊಬ್ಬಳು ತನ್ನ ಅತ್ತೆಯ ಮೊಣಕಾಲಿಗೆ ಏನಾದರೂ ಹೇಳು ಎಂದಳು. ಬುಡ್ಡೇಸಾಬನ ಚಿಂತೆ ಬೇರೆಯಾಗಿತ್ತು. ನಾಳೆ ಲಾಡಲೇಸಾಬ ಕೆಮ್ಮಿ ಸತ್ತರೂ, ಬದುವಿನಿಂದ ಬಿದ್ದು ಸತ್ತರೂ ಊರು ತನ್ನ ಹೆಸರನ್ನೇ ಹೇಳುತ್ತದೆ. ಕೆಲವರು ಕೊಲೆ ಅನ್ನುತ್ತಾರೆ, ಕೆಲವರು ವೈದ್ಯ ಅನ್ನುತ್ತಾರೆ, ಪೊಲೀಸರು ಮಾತ್ರ ಒಂದನ್ನೇ ನಂಬುತ್ತಾರೆ. ಮುಮತಾಜ ಊಟ ಬಿಟ್ಟಳು. ಅವನು ಗಿರಣಿ ಮುಚ್ಚಿ ವಿಜಾಪುರದ ಬಸ್ಸು ಹತ್ತಿದ.

ಡಾಕ್ಟರು ಫಕ್ರುದ್ದೀನರು ತಮ್ಮ ಮಾತು ತಿಕೋಟಾದಲ್ಲಿ ಏನಾಗಿದೆ ಎಂದು ಕೇಳಿ ಗಾಬರಿಯಾದರು. ಆ ವಿಷ ಸೂಜಿಯ ಲೆಕ್ಕ ಬಲ್ಲವರ ಕೈಯಲ್ಲಿ ಮಾತ್ರ ಔಷಧ, ಬಾಯಿಗೆ ಬಿದ್ದರೆ ಎಷ್ಟು ಸಣ್ಣದಾದರೂ ಸಾವು ಎಂದರು. ಅದು ಮೈಗೆ ಹತ್ತಿದರೆ ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಆಮೇಲೆ ಉಸಿರು. ಯಾರಾದರೂ ಅವನಿಗೆ ಏನಾದರೂ ತಿನ್ನಿಸಿದಂತೆ ಕಂಡರೆ ಕೂಡಲೇ ದವಾಖಾನೆಗೆ ಕರೆತನ್ನಿ, ನೀವೇ ಪಕ್ಕದ ಮನೆಯವರು, ಸ್ವಲ್ಪ ನಿಗಾ ಇಡಿ ಎಂದು ಅವನಿಗೇ ಹೇಳಿದರು.

ಬುಡ್ಡೇಸಾಬ ಬಂದವನೇ ರೆಪ್ಪೆ ನೋಡಿ ಬರಲು ಮುಮತಾಜಳನ್ನು ಕಳಿಸಿದ. ಅವಳು ರೆಪ್ಪೆ ಮುಚ್ಚಿವೆ ಎಂದು ಬಂದು ಹೇಳಿದಳು. ಲಾಡಲೇಸಾಬ ಆಣೆಗಾಗಿ ಕಣ್ಣು ಮುಚ್ಚಿದ್ದ, ಅಷ್ಟೇ.  ಬುಡ್ಡೇಸಾಬ ಎದ್ದು ಹೋಗಿ ಕಟ್ಟೆ ಹತ್ತಿ, ಲಾಡಲೇಸಾಬನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಅವನ ಮಾರಿ ನೋಡಿದ. ಎಷ್ಟೋ ವರ್ಷಗಳ ಮೇಲೆ ನೋಡುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹಿಂದೆ ಜಗಳವಾಡುವಾಗ ಅದು ಕರ್ರಗಿತ್ತು.

"ಕಣ್ಣು ಬಿಡು" ಅಂದ.

ದನಿ ಗುರುತು ಹಿಡಿದು ಲಾಡಲೇಸಾಬ ಇನ್ನೂ ಬಿಗಿಯಾಗಿ ಮುಚ್ಚಿಕೊಂಡ. ಬುಡ್ಡೇಸಾಬ ಹೆಬ್ಬೆರಳಿನಿಂದ ಅವನ ರೆಪ್ಪೆ ಎತ್ತಿ ನೋಡಿದ. ಕೈಬಿಟ್ಟರೂ ರೆಪ್ಪೆ ತೆರೆದೇ ಇತ್ತು, ಆಶ್ಚರ್ಯಕ್ಕೆ.

"ಏನರ ಮಾತಾಡು."

"ಏನ್ ಮಾತಾಡ್ಲಿ?"

"ಸಾಕು" ಎಂದು ಬುಡ್ಡೇಸಾಬ ಎದ್ದು ಹೋದ.

ಅಂದಿನಿಂದ ಅವನು ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬಂದು ರೆಪ್ಪೆ ನೋಡಿ, ಮಾತಾಡಿಸಿ ಹೋಗುತ್ತಿದ್ದ. ಎರಡು ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಿದ್ದ. ಊಟದ ಹೊತ್ತಿಗೆ ಬಂದು ಲಾಡಲೇಸಾಬನ ತಾಟಿನಿಂದ ಒಂದು ತುತ್ತು ತಾನು ಮೊದಲು ತಿಂದು, ಸ್ವಲ್ಪ ಹೊತ್ತು ಕಾದು, ಆಮೇಲೆ ತಾಟು ಅವನ ಮುಂದೆ ಸರಿಸುತ್ತಿದ್ದ. ಪೀರಾಂಬಿ ಮೊದಲು ಬೈದಳು, ಆಮೇಲೆ ಒಂದು ರೊಟ್ಟಿ ಹೆಚ್ಚಿಗೆ ಬಡಿಯತೊಡಗಿದಳು. ಊಟವಾಗಿ ಲಾಡಲೇಸಾಬನಿಗೆ ತೂಕಡಿಕೆ ಬಂದು ರೆಪ್ಪೆ ಜೋತರೆ ಬುಡ್ಡೇಸಾಬ ಓಡಿ ಬಂದು ಭುಜ ಹಿಡಿದು ಅಲುಗಾಡಿಸುತ್ತಿದ್ದ. ಹಗಲಿನಲ್ಲಿ ಕುತ್ತಿಗೆಗೆ ಆರಾಮ ಸಿಗುತ್ತಿದ್ದದ್ದು ಆ ನಿದ್ದೆಯೊಂದರಲ್ಲೇ, ಅದೂ ತಪ್ಪಿತು. ಲಾಡಲೇಸಾಬ ಸೊರಗಿದ.

ಅಲ್ಲಾಉದ್ದೀನ ಇತ್ತ ಸುಮ್ಮನಿರಲಿಲ್ಲ. ಬಬಲೇಶ್ವರದ ಪಕ್ಕದ ಜೈನಾಪುರದಲ್ಲಿ ಬಾಬು ಎಂಬ ಸಿಪಾಯಿ ರಜೆಗೆ ಬಂದಿದ್ದ. ಅವನು ಹಿಂದಿನ ರಜೆಯಲ್ಲಿ ಮಿಲಿಟರಿಯಿಂದ ಒಂದು ಮೀನಿನ ಡಬ್ಬಿ ತಂದು, ಮನೆಯವರು ಮುಟ್ಟದ್ದರಿಂದ ತಗಡಿನ ಮಾಡಿನ ಕೆಳಗೆ ಬಿಟ್ಟು ಹೋಗಿದ್ದ. ಬಿಸಿಲಿಗೆ ಡಬ್ಬಿ ಎರಡೂ ಕಡೆ ಉಬ್ಬಿ ಚೆಂಡಿನ ಹಾಗಾಗಿತ್ತು. ಅಲ್ಲಾಉದ್ದೀನ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಶುಕ್ರವಾರ ನಮಾಜು ಮುಗಿದ ಮೇಲೆ ತಿಕೋಟಾಕ್ಕೆ ಬಂದ. ಹೆಚ್ಚು ತಿಂದರೆ ಸಾಯುತ್ತಾರೆ, ಕಣ್ಣಿಗೆ ಕಾಣದಷ್ಟು ತಿಂದರೆ ನೆಟ್ಟಗಾಗುತ್ತಾರೆ, ಡಾಕ್ಟರು ನಮ್ಮ ಮುಂದೆಯೇ ಹೇಳಿದ್ದಾರೆ ಎಂದು ಅವನು ತಂಗಿಗೆ ತಿಳಿಹೇಳಿದ. ಪೀರಾಂಬಿಗೆ ಭಯವಾಯಿತು. ಲಾಡಲೇಸಾಬ ಗದ್ದದಿಂದ ಬೆರಳು ತೆಗೆದು, ಗಾದಿ ಹೊಲಿಯುವ ಸೂಜಿ ತೆಗೆದುಕೊಂಡು ಬಾ, ಅದರ ಮೊನೆಗೆ ಹತ್ತಿದಷ್ಟು ನೆಕ್ಕುತ್ತೇನೆ ಅಂದ.

ಅಲ್ಲಾಉದ್ದೀನ ಡಬ್ಬಿಯ ಮೇಲೆ ಚೂರಿಯ ಮೊನೆ ಇಟ್ಟಾಗ ಬುಡ್ಡೇಸಾಬ ಮಧ್ಯಾಹ್ನದ ತುತ್ತಿಗೆ ಒಳಗೆ ಬಂದ. ಉಬ್ಬಿದ ಡಬ್ಬಿ ನೋಡಿದವನೇ ಜಿಗಿದು ಅದನ್ನು ಕಸಿದು ಎದೆಗೆ ಅಪ್ಪಿಕೊಂಡ. ಅಲ್ಲಾಉದ್ದೀನ ಅವನ ತೋಳು ಹಿಡಿದ. ವಿಷ ಹಾಕುತ್ತೇನೆ ಎಂದು ಊರ ಮುಂದೆ ಅಂದವನು ನೀನು, ಈಗ ಔಷಧ ಬಂದರೆ ತಡೆಯುವವನೂ ನೀನು, ನಿನಗೆ ಬೇಕಾದದ್ದಾದರೂ ಏನು ಎಂದು ಕೇಳಿದ.  ಬುಡ್ಡೇಸಾಬ, ಡಾಕ್ಟರು ಹೇಳಿದ ಸಾವಿನ ಲಕ್ಷಣಗಳನ್ನು ಮೊದಲಿನಿಂದ ಕಡೆಯವರೆಗೆ ಒಪ್ಪಿಸಿದ. ಉಸಿರು ಎನ್ನುವಲ್ಲಿಗೆ ಬಂದಾಗ ಪೀರಾಂಬಿ ಚೂರಿ ಎತ್ತಿಟ್ಟಳು, ಅಲ್ಲಾಉದ್ದೀನ ತೋಳು ಬಿಟ್ಟ.

ಲಾಡಲೇಸಾಬ ಮಾತ್ರ ಕೈ ಚಾಚಿಕೊಂಡೇ ನಿಂತಿದ್ದ.

"ಕೊಡು ಬುಡ್ಡೇಸಾಬ. ನಾ ಕೊಟ್ಟ ಮಾತು ದಿನಾ ಮುರಿಯಾಕತ್ತೈತಿ. ಕಣ್ಣು ಮುಚ್ಚಿ ಮುಚ್ಚಿ ಸಾಕಾಗೇತಿ."

"ಮುಚ್ಚು ಅಂತ ಯಾರ ಅಂದ್ರು? ನೋಡು. ಮುಂಜಾನಿಂದ ಸಂಜೀತನಕ ನೋಡು. ನನ್ನ ಮಾರಿ ಸವದು ಹೋಗೂದಿಲ್ಲ."

ಲಾಡಲೇಸಾಬ ಅಲ್ಲೇ ನಿಂತು ನೋಡಿದ. ನೋಡಲು ಅವನು ಮೈ ಬಲಕ್ಕೆ ತಿರುಗಿಸಿ ನಿಲ್ಲಬೇಕಾಯಿತು. ಡಬ್ಬಿ ಅಪ್ಪಿಕೊಂಡ ಬುಡ್ಡೇಸಾಬನ ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿತ್ತು.  ಪೀರಾಂಬಿ ಊಟಕ್ಕೆ ತಾಟು ಇಟ್ಟಳು.

ಡಬ್ಬಿಯನ್ನು ಏನು ಮಾಡಬೇಕು ಎಂಬುದಕ್ಕೆ ಮತ್ತೆ ಚಾವಡಿ ಕೂಡಿತು. ಬಾವಿಗೆ ಎಸೆಯುವಂತಿಲ್ಲ, ಬೆಂಕಿಗೆ ಹಾಕಿದರೆ ಸಿಡಿಯುತ್ತದೆ. ಊರ ದನ ಹಾಯದ ಕಲ್ಲುಭೂಮಿಯಲ್ಲಿ ಆಳವಾದ ತಗ್ಗು ತೋಡಿ ಹುಗಿಯುವುದೆಂದು ಶಾಂತಪ್ಪ ತೀರ್ಪು ಕೊಟ್ಟ. ಬುಡ್ಡೇಸಾಬ ಡಬ್ಬಿಯನ್ನು ಬುಟ್ಟಿಯಲ್ಲಿ ಅರಳೆ ಹಾಸಿ ಅದರ ಮೇಲಿಟ್ಟು ಹೊತ್ತ, ಅರ್ಧ ಊರು ಹಿಂದೆ ನಡೆಯಿತು. ತಗ್ಗಿನ ಮುಂದೆ ಎಲ್ಲರೂ ಅಭ್ಯಾಸದಂತೆ ಹಸನಸಾಬರ ಮುಖ ನೋಡಿದರು. ಅವರು ಬಹಳ ಹೊತ್ತು ವಿಚಾರ ಮಾಡಿ, ಮೀನಿಗೆ ಹೇಳುವ ದುವಾ ತಮಗೆ ತಿಳಿದಂತೆ ಯಾವುದೂ ಇಲ್ಲ ಎಂದರು. ಎರಡು ದಿನದ ಮೇಲೆ ಬಾಬು ಜೈನಾಪುರದಿಂದ ಬಂದು, ಅದು ಸರಕಾರಿ ಮಾಲು, ಖಾಲಿ ಡಬ್ಬಿಯನ್ನಾದರೂ ತಿರುಗಿ ಕೊಡಿ ಎಂದು ಕೇಳಿದ. ಅವನಿಗೆ ಮೇಲೆ ಪೇರಿಸಿದ ಕಲ್ಲು ತೋರಿಸಿ, ಚಹಾ ಕುಡಿಸಿ ಕಳಿಸಿದರು.

ಆಣೆ ಮುರಿದದ್ದಕ್ಕೆ ಏನು ಎಂಬುದೊಂದು ಉಳಿದಿತ್ತು, ಯಾಕೆಂದರೆ ಇಬ್ಬರೂ ತಮ್ಮ ಅಪ್ಪಂದಿರ ಹೆಸರನ್ನು ಪಣಕ್ಕಿಟ್ಟಿದ್ದರು. ಹಸನಸಾಬರು, ಲಾಡಲೇಸಾಬನ ಕುತ್ತಿಗೆ ತಿರುಗಿಸಿದ್ದು ಅಲ್ಲಾಹ, ಬುಡ್ಡೇಸಾಬ ನೋಡಿದ್ದು ಜೀವ ಉಳಿಸಲು, ಆದ್ದರಿಂದ ಇಬ್ಬರೂ ತಂತಮ್ಮ ಅಪ್ಪಂದಿರಿಗೇ ಹುಟ್ಟಿದವರು ಎಂದು ಇತ್ಯರ್ಥ ಮಾಡಿದರು. ಹತ್ತಿ ಮತ್ತು ಹಿಟ್ಟಿನ ನಡುವೆ ಒಂದು ತಗಡು ನಿಲ್ಲಿಸಿದರೆ ಸಾಕಲ್ಲ ಎಂದು ಅವತ್ತು ತಿಪ್ಪವ್ವ ಅಂದಳು. ಇಷ್ಟು ವರ್ಷ ಯಾರಿಗೂ ಅದು ಹೊಳೆದಿರಲಿಲ್ಲ. ತಗಡನ್ನು ಇಬ್ಬರೂ ಕೂಡಿ ನಿಲ್ಲಿಸಿದರು, ಕೂತಾಗ ಮುಖ ಕಾಣುವಷ್ಟು ಎತ್ತರ ಬಿಟ್ಟು.

ಕುತ್ತಿಗೆ ನೆಟ್ಟಗಾಗಲಿಲ್ಲ. ಚಳಿಗಾಲದಲ್ಲಿ ಸ್ವಲ್ಪ ಹಗುರಾದಂತೆ ಆಗಿ, ಮತ್ತೆ ಬಿಗಿಯಿತು. ಮರುವರ್ಷದ ಕೊನೆಗೆ ಡಾಕ್ಟರು ಫಕ್ರುದ್ದೀನರು ತಿಕೋಟಾಕ್ಕೆ ಕಣ್ಣಿನ ತಪಾಸಣೆಗೆ ಬಂದವರು, ತಮ್ಮ ಮಾತಿನಿಂದ ಆದದ್ದನ್ನು ಕಣ್ಣಾರೆ ನೋಡಬೇಕೆಂದು ಕಟ್ಟೆಗೆ ಬಂದರು. ಬುಡ್ಡೇಸಾಬನೂ ಬಂದು ಕೂತ. ಮೆಳ್ಳಗಣ್ಣಿನವರಲ್ಲಿ ಹಲವರಿಗೆ ಗುಣ ಕಂಡಿದೆಯಂತೆ, ಆದರೆ ಕೆಲವು ತಿಂಗಳಿಗೆ ಔಷಧದ ಬಲ ಇಳಿದು ಮತ್ತೆ ಚುಚ್ಚಬೇಕಾಗುತ್ತದಂತೆ ಎಂದು ಅವರು ಹೇಳಿದರು. ಅದು ಈ ದೇಶಕ್ಕೆ, ಕುತ್ತಿಗೆಗೆ ಎಂದು ಬಂದ ದಿನ ಮೊದಲು ನಿಮಗೆ ಹೇಳಿ ಕಳಿಸುತ್ತೇನೆ, ಅಲ್ಲಿಯವರೆಗೆ ಯಾರ ಮಾತು ಕೇಳಿಯೂ ಏನನ್ನೂ ತಿನ್ನಬೇಡಿ ಎಂದರು.

ಲಾಡಲೇಸಾಬ ವಿಚಾರ ಮಾಡಿದ. ಬರುತ್ತೇನೆ, ಆದರೆ ಮದುವೆಯ ಸೀಜನ್ ಬಿಟ್ಟು ಕರೆಯಿರಿ, ಆಗ ಗಾದಿಯ ಕೆಲಸ ಬಹಳ ಇರುತ್ತದೆ ಅಂದ. ಸೂಜಿ ಚುಚ್ಚುವಾಗ ತಾನೂ ಜೊತೆಗಿರುತ್ತೇನೆ ಎಂದು ಬುಡ್ಡೇಸಾಬ ಅಂದ. ಅಷ್ಟರಲ್ಲಿ ಯಾರೋ ಜೋಳದ ಚೀಲ ತಂದು ಗಿರಣಿಯ ಮುಂದೆ ಇಳಿಸಿದರು. ಅವನು ಹೋಗಿ ಎಂಜಿನು ಹಚ್ಚಿದ. ಆ ಸಪ್ಪಳದಲ್ಲಿ ಡಾಕ್ಟರು ಇನ್ನೇನೋ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಅವರು ಕೈಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು.